ಮೊಂತಿ ಗದ್ದೆಯ ಲಾದ್ರು

ಲಾದ್ರು ಕುಟಿನ್ಹೊನನ್ನು ಸಂತನನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ಅವನು ಹಟಮಾರಿ. ಕಳೆದ ವರ್ಷದ ಜುಲೈಯಿಂದ ಈ ಸೆಪ್ಟೆಂಬರಿನವರೆಗೆ ಅವನು ನನಗೆ ಕೊಟ್ಟ ತಲೆನೋವನ್ನು, ನಾನು ಕಾಲೇಜಿನಲ್ಲಿ ಮೂವತ್ತೆರಡು ವರ್ಷ ನೀತಿಶಾಸ್ತ್ರ ಕಲಿಸಿದಾಗ ಯಾವ ವಿದ್ಯಾರ್ಥಿಯೂ ಕೊಟ್ಟದ್ದಿಲ್ಲ. ಆದರೂ ಬರೆಯುತ್ತಿದ್ದೇನೆ. ನಮ್ಮವರು ಅವನ ಕಥೆಯನ್ನು ಈಗಾಗಲೇ ತಮಗೆ ಬೇಕಾದಂತೆ ತಿರುಗಿಸಿ ಹೇಳತೊಡಗಿದ್ದಾರೆ. ನಡೆದದ್ದು ನಡೆದ ಹಾಗೆ ಒಂದು ಕಡೆ ಇರಲಿ.

ಲಾದ್ರುವಿಗೆ ಈಗ ಅರವತ್ತನಾಲ್ಕು. ಕಡಬದ ಹತ್ತಿರದ ಪೆರಾಬೆಯಲ್ಲಿ ಅವನಿಗೆ ನೂರಿಪ್ಪತ್ತು ರಬ್ಬರ್ ಮರಗಳಿವೆ. ಬೆಳಿಗ್ಗೆ ತಾನೇ ಹೋಗಿ ಮರದ ಹಾಲು ತೆಗೆಯುವ ಟ್ಯಾಪಿಂಗ್ ಮಾಡುತ್ತಾನೆ. ಮನೆಯ ಕೆಳಗೆ ಒಂದು ಸಣ್ಣ ಗದ್ದೆ ಇತ್ತು. ಇತ್ತು ಎಂದೇ ಹೇಳಬೇಕು. ಓದಿದ್ದು ಏಳನೇ ಕ್ಲಾಸು. ನಮ್ಮ ಹಳೆಯ ಮನೆ ಅವನ ಮನೆಯ ಮೇಲಿನ ಗುಡ್ಡೆಯಲ್ಲಿತ್ತು. ಅದನ್ನು ಮಾರಿ ನಾನು ಪುತ್ತೂರಿನ ದರ್ಬೆಗೆ ಬಂದು ಮೂವತ್ತು ವರ್ಷವಾದರೂ ಅರ್ಜಿ ಬರೆಸಬೇಕಾದಾಗ ಅವನು ನನ್ನ ಜಗಲಿಗೇ ಬರುತ್ತಾನೆ. ನನ್ನನ್ನು 'ಬಾಯಿ' ಎನ್ನುತ್ತಾನೆ; ಕೊಂಕಣಿ ಕ್ರೈಸ್ತರಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯುವುದು ವಾಡಿಕೆ. ನಾವಿಬ್ಬರೂ ಮಾತಾಡುವುದು ಕೊಂಕಣಿಯಲ್ಲಿ. ಇಲ್ಲಿ ಅದನ್ನು ಊರಿನ ಕನ್ನಡದಲ್ಲಿ ಬರೆದಿದ್ದೇನೆ.

ಸೆಪ್ಟೆಂಬರ್ ಎಂಟು ನಮಗೆ ಮೊಂತಿ ಹಬ್ಬ. ಮಾತೆ ಮರಿಯಮ್ಮ ಹುಟ್ಟಿದ ದಿನ, ಹೊಸ ಅಕ್ಕಿಯ ಊಟದ ದಿನವೂ ಹೌದು. ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಭತ್ತದ ತೆನೆಗಳನ್ನು ಆಶೀರ್ವದಿಸಿ, ಮನೆಯಲ್ಲಿ ಎಷ್ಟು ಮಂದಿ ಇದ್ದಾರೆಂದು ನೋಡಿ ಪ್ರತಿ ಕುಟುಂಬಕ್ಕೂ ಹಂಚುತ್ತಾರೆ. ಮನೆಗೆ ತಂದು ಕಾಳು ಸುಲಿದು ಹಾಲಿಗೆ ಹಾಕಿ, ಹಿರಿಯರು ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಾರೆ. ಕುವೈತಿನಲ್ಲಿರುವ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿ ಹಾಕಿ ಕಳುಹಿಸುವವರಿದ್ದಾರೆ. ಆದರೆ ಭತ್ತ ಬೆಳೆಯುವವರು ಯಾರು? ಇನ್ನೂರಹತ್ತು ಕುಟುಂಬಗಳ ನಮ್ಮ ಆ ಇಗರ್ಜಿಯಲ್ಲಿ ಗದ್ದೆ ಉಳಿಸಿಕೊಂಡಿದ್ದವನು ಲಾದ್ರು ಒಬ್ಬನೇ. ಅವನ ಗದ್ದೆಗೆ ಊರಿನವರು ಮೊಂತಿ ಗದ್ದೆ ಎಂದೇ ಹೆಸರಿಟ್ಟಿದ್ದರು. ಇಪ್ಪತ್ತಮೂರು ವರ್ಷ ತೆನೆ ಬಂದದ್ದು ಅಲ್ಲಿಂದ.

ಇದರಲ್ಲಿ ಒಂದು ಲೆಕ್ಕಾಚಾರ ಉಂಟು. ಮಳೆ ಬಂದ ಮೇಲೆ ನೇಜಿಗೆ, ಎಂದರೆ ನಾಟಿಯ ಸಸಿಗೆ, ಬೀಜ ಹಾಕಿದರೆ ಸೆಪ್ಟೆಂಬರ್ ಎಂಟಕ್ಕೆ ತೆನೆ ಹಾಲು ಕಟ್ಟಿರುವುದಿಲ್ಲ. ಮೇ ತಿಂಗಳ ನಡುವಿನಲ್ಲೇ ಹಾಕಬೇಕು. ಮೇ ತಿಂಗಳಲ್ಲಿ ಲಾದ್ರುವಿನ ಬಾವಿ ಬತ್ತುತ್ತದೆ. ನೀರಿರುವುದು ಪಕ್ಕದ ಸಿಪ್ರಿಯನ್ ಲಸ್ರಾದೊನ ಕೆರೆಯಲ್ಲಿ. ಸಿಪ್ರಿಯನ್ ಆ ವಾಳ್ಯದ ಗುರ್ಕಾರ, ಎಂದರೆ ಹತ್ತಿಪ್ಪತ್ತು ಕ್ರೈಸ್ತ ಮನೆಗಳ ಮುಖಂಡ. ಮದುವೆಗೆ, ಸಾವಿಗೆ, ಜಗಳದ ರಾಜಿಗೆ ಅವನೇ ಮುಂದೆ ನಿಲ್ಲಬೇಕು. ಆ ಕೆರೆಯಿಂದ ಪೈಪು ಎಳೆದು ಲಾದ್ರು ನೇಜಿ ಬೆಳೆಸುತ್ತಿದ್ದ.

ಇನ್ನು ದುಗ್ಗಮ್ಮ. ಸಿಪ್ರಿಯನ್‌ನ ಜಾಗದ ಹಿಂದೆ, ತೋಡಿನ, ಎಂದರೆ ಸಣ್ಣ ಹಳ್ಳದ, ಬದಿಯಲ್ಲಿ ಅವರ ಮನೆ. ಗೌಡರ ಪೈಕಿ, ಮನೆಯಲ್ಲಿ ಅರೆಭಾಷೆ. ಗಂಡ ತೀರಿಕೊಂಡಿದ್ದಾರೆ. ಮಗ ಲಾರಿಯಲ್ಲಿ ಹೋಗುತ್ತಾನೆ, ಸೊಸೆ ಹೇಮಶ್ರೀ ಮನೆಯಲ್ಲಿರುತ್ತಾಳೆ. ಅವರ ಮನೆಯಿಂದ ಡಾಂಬರು ರಸ್ತೆಗೆ ಸಿಪ್ರಿಯನ್‌ನ ಜಾಗದ ಅಂಚಿನಲ್ಲಿ ಒಂದು ಕಾಲುದಾರಿ ಇತ್ತು. ಏಳು ವರ್ಷದ ಹಿಂದೆ ಸಿಪ್ರಿಯನ್ ಅಲ್ಲಿ ಬೇಲಿ ಹಾಕಿ ರಬ್ಬರ್ ಗಿಡ ನೆಟ್ಟ. ಹೇಮಶ್ರೀ ತಾಲೂಕು ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟಳು. ಎರಡು ಸಲವೂ ಒಂದು ಮಹಜರು ಅಡ್ಡ ಬಂತು. 'ಈ ಸ್ಥಳದಲ್ಲಿ ಯಾವ ಕಾಲದಲ್ಲೂ ಕಾಲುದಾರಿ ಇದ್ದುದಿಲ್ಲ' ಎಂದು ಐದು ಮಂದಿ ನೆರೆಯವರು ಸಹಿ ಹಾಕಿದ ಕಾಗದ. ಐವರಲ್ಲಿ ಇಬ್ಬರು ಈಗ ಇಲ್ಲ. ಒಬ್ಬ ಸಿಪ್ರಿಯನ್‌ನ ಭಾವ. ಒಬ್ಬ ಕುವೈತಿನಲ್ಲಿದ್ದಾನೆ. ಐದನೆಯವನು ಲಾದ್ರು.

ದಾರಿ ಹೋದ ಮೇಲೆ ಆ ಮನೆಯವರು ತೋಡು ದಾಟಿ, ಆಚೆ ದಡದಲ್ಲಿ ಮುಕ್ಕಾಲು ಮೈಲಿ ಸುತ್ತಿ ರಸ್ತೆಗೆ ಬರಬೇಕಾಯಿತು. ತೋಡಿಗೆ ಅಡಿಕೆ ಮರದ ಸಂಕ, ಎಂದರೆ ಕಾಲುಸೇತುವೆ. ಕಳೆದ ವರ್ಷ ಜುಲೈಯಲ್ಲಿ ಅದರ ಮೇಲೆ ಕಾಲು ಜಾರಿ ದುಗ್ಗಮ್ಮನ ಸೊಂಟದ ಮೂಳೆ ಮುರಿಯಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ತೋಡಿನಲ್ಲೇ ನಡೆದರು. ನಾಲ್ವರಲ್ಲಿ ಲಾದ್ರುವೂ ಒಬ್ಬ. ಸೊಂಟದವರೆಗೆ ನೀರು. ನಡುವೆ ದುಗ್ಗಮ್ಮ ನರಳುವುದನ್ನು ನಿಲ್ಲಿಸಿ ಅವನ ಕಡೆಗೆ ತಿರುಗಿ ಹೇಳಿದರಂತೆ:

"ಆ ಕಾಗದದಲ್ಲಿ ನಿನ್ನ ಸಹಿಯೂ ಉಂಟಲ್ಲ ಲಾದ್ರು? ಸ್ವಲ್ಪ ಮೇಲೆ ಹಿಡಿ ಮಾರಾಯ, ನೀರು ತಾಗ್ತದೆ."

ಅಷ್ಟೇ ಹೇಳಿದ್ದು.

ಅದಾದ ಮೇಲೆ ಲಾದ್ರು ಪಾಪನಿವೇದನೆಗೆ ಹೋದ. ಇದನ್ನು ಅವನೇ ನನಗೆ ಹೇಳಿದ್ದು. ಪಾದ್ರಿಗಳು ಮೂರು ತೇರ್ಸ, ಎಂದರೆ ಜಪಸರದ ಪ್ರಾರ್ಥನೆ, ಹೇಳಲು ತಿಳಿಸಿ, ತಪ್ಪನ್ನು ಸರಿಪಡಿಸಲು ಸಾಧ್ಯವಾದರೆ ಸರಿಪಡಿಸು ಎಂದರಂತೆ. ತೇರ್ಸ ಮೂರು ದಿನದಲ್ಲಿ ಮುಗಿಯಿತು. ಆಮೇಲಿನ ವಾಳ್ಯದ ಸಭೆಯಲ್ಲಿ, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ನಿನ್ನ ಮೇಲೆ ದೂರಿರುವವನ ಬಳಿ ಹೋಗಿ ರಾಜಿಯಾಗಿ ಬಾ ಎನ್ನುವ ಸುವಾರ್ತೆಯ ಭಾಗವನ್ನು ಓದಿದರು. ಓದಿದವನು ಯಾರು? ಗುರ್ಕಾರ ಸಿಪ್ರಿಯನ್. ಅವನ ಸ್ವರ ಚೆನ್ನಾಗಿದೆ. ಹದಿನಾಲ್ಕು ಮನೆಯವರು ಕೇಳಿ, ಚಾ ಕುಡಿದು ಎದ್ದು ಹೋದರು. ಲಾದ್ರು ಮಾತ್ರ ಅದನ್ನು ತನಗೆ ಹೇಳಿದ್ದೆಂದು ತಿಳಿದುಕೊಂಡ. ಅವನ ತೊಂದರೆಯೇ ಇದು. ಹೇಳಿದ್ದನ್ನು ಹೇಳಿದ ಹಾಗೆಯೇ ತೆಗೆದುಕೊಳ್ಳುತ್ತಾನೆ.

ಮರುದಿನ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ದುಗ್ಗಮ್ಮನ ಮನೆಗೆ ಹೋದ. ಅವರು ಆಪರೇಷನ್ ಆಗಿ ಮಂಚದಲ್ಲಿದ್ದರು. ಇವನು ಕೈಮುಗಿದು, "ದುಗ್ಗಕ್ಕ, ನನ್ನಿಂದ ತಪ್ಪಾಗಿದೆ, ಕ್ಷಮಿಸಬೇಕು" ಎಂದ.

"ನಿಮ್ಮ ಇಗರ್ಜಿಯಲ್ಲಿ ಹೇಳಿ ಬಂದಾಯ್ತಾ?" ಎಂದು ಅವರು ಕೇಳಿದರು.

"ಆಯ್ತು."

"ದೇವರು ಎಂತ ಹೇಳಿದ್ರು?"

"ಕ್ಷಮಿಸಿದ್ದಾರೆ."

"ಒಳ್ಳೆದಾಯ್ತು. ಆದ್ರೆ ದಾರಿ ಹೋದದ್ದು ದೇವರದ್ದಲ್ಲ ಮಾರಾಯ, ನನ್ನದು. ನನಗೆ ನಿನ್ನ ಕ್ಷಮೆ ಎಂತಕ್ಕೆ? ಅದರ ಮೇಲೆ ನಡೀಲಿಕ್ಕೆ ಆಗ್ತದಾ? ದಾರಿ ಕೊಡು. ಹೇಮಾ, ಇವರಿಗೆ ಚಾ ಮಾಡು."

ಪಶ್ಚಾತ್ತಾಪಕ್ಕೂ ಪರಿಹಾರಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಲು ನಾನು ತರಗತಿಯಲ್ಲಿ ಎರಡು ಗಂಟೆ ತೆಗೆದುಕೊಳ್ಳುತ್ತಿದ್ದೆ.

ಚಾ ಕುಡಿದು ಲಾದ್ರು ಅಲ್ಲಿಂದ ಸೀದಾ ಬಸ್ಸು ಹಿಡಿದು ದರ್ಬೆಗೆ ಬಂದ. ಮಹಜರಿನಲ್ಲಿ ಹಾಕಿದ ಸಹಿ ಸುಳ್ಳೆಂದು ತಹಶೀಲ್ದಾರರಿಗೆ ಹೇಳಿಕೆ ಬರೆದುಕೊಡಬೇಕು ಎಂದ. ಹೇಮಶ್ರೀ ಮೂರನೆಯ ಸಲ ಅರ್ಜಿ ಹಾಕುತ್ತಾಳೆ, ಅದರ ಜೊತೆ ಇದು ಹೋದರೆ ಫೈಲು ತೆರೆಯಬಹುದು. ನನಗೆ ಸಂತೋಷವೇ ಆಯಿತು. ಆ ದಾರಿಯಲ್ಲಿ ಎಂಟು ವರ್ಷ ಶಾಲೆಗೆ ನಡೆದವಳು ನಾನು. ಬೇಲಿ ಬಿದ್ದ ಸುದ್ದಿ ಕೇಳಿದಾಗ ನಾಲ್ಕು ದಿನ ಬೈದು ಸುಮ್ಮನಾಗಿದ್ದವಳೂ ನಾನೇ. ಒಳ್ಳೆಯ ಕಚೇರಿ ಕನ್ನಡದಲ್ಲಿ ಬರೆದೆ: 'ಸದರಿ ಮಹಜರಿನ ಒಕ್ಕಣೆಯನ್ನು ಓದದೆ, ಅದರ ಅರ್ಥ ತಿಳಿಯದೆ, ಗುರ್ಕಾರರ ಮೇಲಿನ ನಂಬಿಕೆಯಿಂದ ಸಹಿ ಹಾಕಿರುತ್ತೇನೆ.'

ಲಾದ್ರು ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದ. "ಇದು ಸರಿಯಿಲ್ಲ ಬಾಯಿ," ಎಂದ.

"ಯಾವುದು?"

"ಓದದೆ ಅಂತ ಬರೆದಿದ್ದೀರಿ. ನಾನು ಓದಿದ್ದೆ. ಎರಡು ಸಲ ಓದಿದ್ದೆ."

ನಾನು ಪೆನ್ನು ಕೆಳಗಿಟ್ಟೆ. ಊರಿನವರೆಲ್ಲ ಅವನಿಗೆ ಆ ರಿಯಾಯಿತಿ ಕೊಟ್ಟಿದ್ದರು. ಪಾಪ, ಸಾಧು ಮನುಷ್ಯ, ವಾಳ್ಯದ ಸಭೆಯ ಹಾಜರಿ ಪುಸ್ತಕದ ಜೊತೆ ಕಾಗದ ಬಂದಿರಬೇಕು, ನೋಡದೆ ಗೀಚಿರಬೇಕು ಎಂದು. ನಾನೂ ಹಾಗೆಯೇ ನಂಬಿದ್ದೆ. ಏಳನೇ ಕ್ಲಾಸಿನವನು ಕಚೇರಿಯ ಕಾಗದ ಓದಲಾರ ಎಂದುಕೊಳ್ಳುವುದು ನಮ್ಮಂಥ ಓದಿದವರಿಗೆ ಸುಲಭ.

"ಹಾಜರಿ ಪುಸ್ತಕದ ಜೊತೆಯೇ ಬಂದದ್ದು ಹೌದು," ಎಂದ ಲಾದ್ರು. "ನಾನು ಓದಿ, ಇದೆಂತ ಗುರ್ಕಾರ್ರೆ, ದಾರಿ ಉಂಟಲ್ಲ ಅಂತ ಕೇಳಿದೆ. ಅವರು ನಗಾಡಿದ್ರು. ಲಾದ್ರು, ಮೇ ತಿಂಗಳಲ್ಲಿ ನೇಜಿಗೆ ನೀರು ಬೇಕಲ್ಲ ಅಂದ್ರು. ಬೇರೆ ಎಂತ ಹೇಳ್ಲಿಲ್ಲ. ನಾನು ಇನ್ನೊಮ್ಮೆ ಓದಿ ಸಹಿ ಹಾಕಿದೆ."

"ನೀರಿಗಾಗಿಯಾ?"

"ನೀರಿಲ್ಲದಿದ್ರೆ ಹಬ್ಬಕ್ಕೆ ತೆನೆ ಬರುದಿಲ್ಲ. ಮಾತೆಗೆ ಎಂತ ಕೊಡುದು?"

ದುರಾಸೆಯಿಂದ ಸುಳ್ಳು ಹೇಳಿದವರನ್ನು ಕಂಡಿದ್ದೇನೆ, ಹೆದರಿ ಹೇಳಿದವರನ್ನೂ ಕಂಡಿದ್ದೇನೆ. ಇವನು ದೇವರಿಗೆ ಕೊಡುವ ಕಾಣಿಕೆ ತಪ್ಪಬಾರದೆಂದು ನೆರೆಯವಳ ದಾರಿಯನ್ನು ಕೊಟ್ಟಿದ್ದ. ತೆನೆ ಕೊಡುವವನು ಎನ್ನುವ ಹೆಸರು ಹೋಗಬಾರದೆಂದೂ ಇತ್ತು. ಕೇಳಿದರೆ ಅದನ್ನೂ ಒಪ್ಪಿಕೊಂಡ. "ಹೌದು, ಅದೂ ಉಂಟು. ಎಲ್ಲರೂ ಲಾದ್ರು, ಲಾದ್ರು ಅಂತ ಕರೀತಾರಲ್ಲ ಆ ದಿನ."

ಕಾನೂನು ವಿವರಿಸಿದೆ. ಓದದೆ ಹಾಕಿದೆ ಎಂದರೆ ಹೇಳಿಕೆಯನ್ನು ಹಿಂತೆಗೆದುಕೊಳ್ಳುವುದು ಸುಲಭ. ತಿಳಿದೇ ಹಾಕಿದೆ ಎಂದರೆ ಸುಳ್ಳು ಹೇಳಿಕೆ ಕೊಟ್ಟ ಅಪರಾಧ ನಿನ್ನ ಮೇಲೆ ಬರುತ್ತದೆ. ಒಮ್ಮೆ ಸುಳ್ಳು ಹೇಳಿದವನನ್ನು ಈಗ ಯಾಕೆ ನಂಬಬೇಕು ಎಂದು ಸಿಪ್ರಿಯನ್‌ನ ವಕೀಲರು ಕೇಳುತ್ತಾರೆ. ಆಗ ದುಗ್ಗಮ್ಮನ ಕೇಸಿಗೂ ಪೆಟ್ಟು.

"ಅವರು ಕೇಳುದು ಸರಿಯೇ ಅಲ್ವಾ ಬಾಯಿ," ಎಂದ.

"ಒಂದು ಶಬ್ದ ಲಾದ್ರು. ಒಂದು ಶಬ್ದದಿಂದ ಆ ಹೆಂಗಸಿಗೆ ದಾರಿ ಸಿಗುತ್ತದೆ."

"ಮೊದಲನೆ ಸುಳ್ಳೂ ಒಂದೇ ಸಾಲು ಇದ್ದದ್ದು."

ಅವನಿಗೆ ಮುಕ್ಕಾಲು ಗಂಟೆ ಬೈದೆ. ನನ್ನ ವಾದ ತಪ್ಪೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ತನ್ನ ಆತ್ಮ ಶುದ್ಧವಾಗಿರಬೇಕೆಂದು ಇನ್ನೊಬ್ಬರ ನ್ಯಾಯವನ್ನು ಅಪಾಯಕ್ಕೆ ಒಡ್ಡುವುದು ನೀತಿಯಲ್ಲ, ಸ್ವಾರ್ಥ ಎಂದೂ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಬರೆದ ಹಾಳೆಯನ್ನು ಸಹಿ ಹಾಕದೆ ಮಡಚಿ ಕಿಸೆಗೆ ಹಾಕಿಕೊಂಡು ಹೋದ.

ಎರಡು ದಿನದ ಬಳಿಕ ಕಡಬದಲ್ಲಿ ಸಿದ್ದೀಕ್ ಎನ್ನುವವನ ಟೈಪಿಂಗ್ ಅಂಗಡಿಗೆ ಹೋದನಂತೆ. ಸಿದ್ದೀಕ್ ನನಗೂ ಪರಿಚಯದವನು. ಆಮೇಲೆ ಸಿಕ್ಕಿದಾಗ ತಾನೇ ಹೇಳಿದ.

"ಎಂತ ಜನ ಮಾರಾಯ್ರೆ ಅವರು ಟೀಚರ್! ನೀವೇ ನಿಮ್ಮ ಕುತ್ತಿಗೆಗೆ ಹಗ್ಗ ಟೈಪ್ ಮಾಡಿಸುದಾ ಅಂತ ಕೇಳಿದೆ. 'ಓದದೆ ಸಹಿ ಹಾಕಿರುತ್ತೇನೆ' ಅನ್ನುವ ಸಾಲು ನನ್ನ ಕಂಪ್ಯೂಟರಿನಲ್ಲಿ ರೆಡಿ ಉಂಟು. ದಿನಕ್ಕೆ ನಾಲ್ಕು ಜನ ಅದನ್ನೇ ಹಾಕಿಸಿಕೊಂಡು ಹೋಗುದು. ಇವರಿಗೆ ಅದು ಬೇಡ. 'ಓದಿ, ತಿಳಿದು' ಅಂತಲೇ ಆಗ್ಬೇಕಂತೆ. ಹನ್ನೊಂದು ವರ್ಷದಲ್ಲಿ ಆ ಸಾಲು ನಾನು ಟೈಪ್ ಮಾಡಿದ್ದು ಅದೇ ಮೊದಲು."

ಹೇಳಿಕೆ ಹೋಯಿತು. ಸುದ್ದಿ ವಾಳ್ಯಕ್ಕೂ ಮುಟ್ಟಿತು. ಆಗ ಆಗಸ್ಟ್ ಕೊನೆ, ಗದ್ದೆಯಲ್ಲಿ ತೆನೆ ಬಾಗಿತ್ತು. ಹಬ್ಬದ ಮೂರು ದಿನ ಮೊದಲು ಪ್ರತಿವರ್ಷದಂತೆ ತೆನೆ ಕೊಯ್ಯಲು ಯುವಕರು ಬಂದಾಗ ಲಾದ್ರು ಗದ್ದೆಯ ಹುಣಿಯಲ್ಲಿ, ಎಂದರೆ ಬದುವಿನ ಮೇಲೆ, ನಿಂತಿದ್ದ. ಕೊಯ್ಯುವುದು ಬೇಡ, ದುಗ್ಗಕ್ಕನಿಗೆ ದಾರಿ ಆಗುವವರೆಗೆ ಇದನ್ನು ಪೀಠಕ್ಕೆ ಕೊಡುವ ಹಾಗಿಲ್ಲ ಎಂದ. ಪಾದ್ರಿಗಳೇ ಬಂದರು. ಪ್ರಾಯವಾದವರು, ಕೆಟ್ಟವರಲ್ಲ.

"ಲಾದ್ರು, ಹಬ್ಬ ಮುಗಿಯಲಿ. ಆಮೇಲೆ ಕೂತು ಮಾತಾಡುವ. ಈಗ ವಾಳ್ಯದಲ್ಲಿ ಗಲಾಟೆ ಬೇಡ. ಒಂಬತ್ತು ದಿನದ ಪ್ರಾರ್ಥನೆಗೆ ಮಕ್ಕಳು ದಿನಾ ಹೂ ತರುತ್ತಿದ್ದಾರೆ."

"ಮಕ್ಕಳ ಹೂವಿನಲ್ಲಿ ಏನೂ ದೋಷ ಇಲ್ಲ ಫಾದರ್. ಈ ತೆನೆಯಲ್ಲಿ ಉಂಟು."

"ನೀನು ಪಾಪನಿವೇದನೆ ಮಾಡಿದ್ದೀಯಲ್ಲ."

"ನಾನು ಮಾಡಿದ್ದೇನೆ. ದಾರಿ ಮಾಡ್ಲಿಲ್ಲ."

ಆ ವರ್ಷ ತೆನೆ ಎಲ್ಲಿಂದಲೋ ಪಿಕಪ್‌ನಲ್ಲಿ ಬಂತು. ಸಣ್ಣ ತೆನೆ, ಅರ್ಧ ಜೊಳ್ಳು ಎಂದು ಜನ ಗೊಣಗಿದರು. ಗೊಣಗಿದ್ದು ಯಾರ ಮೇಲೆ? ಸುಳ್ಳು ಮಹಜರು ಮಾಡಿಸಿದವನ ಮೇಲಲ್ಲ, ಲಾದ್ರುವಿನ ಮೇಲೆ. ನನಗೆ ಐದು ಹೆಂಗಸರು ಫೋನು ಮಾಡಿ ಅವನಿಗೆ ಬುದ್ಧಿ ಹೇಳಬೇಕೆಂದರು. ಅವರಲ್ಲಿ ಒಬ್ಬಳೂ ದುಗ್ಗಮ್ಮನ ಸೊಂಟ ಹೇಗಿದೆ ಎಂದು ಕೇಳಲಿಲ್ಲ. ನಾನೇ ಕೇಳಿದಾಗ ಒಬ್ಬಳು, "ಅವರು ನಮ್ಮವರಲ್ಲವಲ್ಲ ಟೀಚರ್" ಎಂದಳು. ಈಕೆ ಚರ್ಚಿನಲ್ಲಿ ಬೈಬಲಿನ ಪಾಠ ಓದುವವಳು, ಮಕ್ಕಳಿಗೆ ಧರ್ಮೋಪದೇಶ ಕಲಿಸುವವಳು. ನೆರೆಯವರು ಯಾರು ಎನ್ನುವ ಪ್ರಶ್ನೆಗೆ ನಮ್ಮ ಧರ್ಮದಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಉತ್ತರ ಸಿಕ್ಕಿದೆ: ನಮ್ಮವನಲ್ಲದವನೂ ನೆರೆಯವನೇ. ಅದನ್ನು ಬಾಯಿಪಾಠ ಮಾಡಿಸುವವರಿಗೇ ಅದು ನೆನಪಿಲ್ಲ.

ಲಾದ್ರುವಿನ ಹೆಂಡತಿ ಅಪೊಲಿನ್ ಮಾತಿನ ಮಲ್ಲಿ. ಆ ಭತ್ತವನ್ನು ಅವಳು ಕೊನೆಗೆ ಕೊಯ್ಲು ಮಾಡಿಸಿ ಕೋಳಿಗಳಿಗೆ ಹಾಕಿದಳು. "ನಮ್ಮ ಕೋಳಿಗಳಿಗೆ ವರ್ಷವಿಡೀ ಮೊಂತಿ ಹಬ್ಬ ಬಾಯಿ," ಎಂದಳು ಫೋನಿನಲ್ಲಿ. "ಇವರು ಸ್ವರ್ಗಕ್ಕೆ ಹೋಗುದು ಸರಿ. ಇಗರ್ಜಿಯಲ್ಲಿ ಬೆಂಚಿನಲ್ಲಿ ನನ್ನ ಪಕ್ಕ ಯಾರೂ ಕೂರುದಿಲ್ಲ, ಅದಕ್ಕೆ ಎಂತ ಮಾಡುದು? ಕಾಲು ಚಾಚಿ ಕೂತುಕೊಳ್ಳುದು ಈಗ ನಾನು."

ಅಕ್ಟೋಬರಿನಲ್ಲಿ ಸ್ಥಳ ತನಿಖೆ ನಡೆಯಿತು. ನಾನೂ ಆಟೋ ಮಾಡಿಕೊಂಡು ಹೋಗಿದ್ದೆ. ಗ್ರಾಮಲೆಕ್ಕಿಗರು, ಸರ್ವೆಯವರು, ಇಪ್ಪತ್ತು ಮೂವತ್ತು ಜನ. ಹಿಂದೆ ಇಲ್ಲಿ ದಾರಿ ಇತ್ತೇ ಎಂದು ಅಧಿಕಾರಿ ಕೇಳಿದರು. ಆ ಗುಂಪಿನಲ್ಲಿ ಆ ದಾರಿಯಲ್ಲಿ ನಡೆಯದವರು ಮೂವರೋ ನಾಲ್ವರೋ ಇದ್ದಿರಬೇಕು. ಒಬ್ಬರೂ ಬಾಯಿ ತೆರೆಯಲಿಲ್ಲ. ಲಾದ್ರು ಹೇಳಿದ. ನಾನು ಹೇಳಿದೆ. ಸಿಪ್ರಿಯನ್ ನಗುತ್ತಾ, "ಬಾಯಿ ದರ್ಬೆಯವರು, ಇಲ್ಲಿಂದ ಹೋಗಿ ಮೂವತ್ತು ವರ್ಷ ಆಯ್ತು. ಪ್ರಾಯವೂ ಆಯ್ತು" ಎಂದ. ನನ್ನ ಹೇಳಿಕೆಯನ್ನು ಬರೆದುಕೊಳ್ಳುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.

ಆಮೇಲೆ ಸಿಪ್ರಿಯನ್ ಲಾದ್ರುವಿನ ಹೆಗಲ ಮೇಲೆ ಕೈ ಹಾಕಿದ. ಎಲ್ಲರಿಗೂ ಕೇಳುವ ಹಾಗೆಯೇ ಮಾತಾಡಿದ.

"ನೋಡು ಲಾದ್ರು, ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಆ ಕಾಗದ ಹಿಂದೆ ತೆಗೆದುಕೋ. ಮೇ ತಿಂಗಳಲ್ಲಿ ನೀರು ಯಾವಾಗಿನ ಹಾಗೆ ಬಿಡ್ತೇನೆ. ಮಾತೆಯ ಕೆಲಸ ಅಲ್ವಾ?"

"ದುಗ್ಗಕ್ಕನಿಗೆ ದಾರಿ ಗುರ್ಕಾರ್ರೆ?"

"ಅಷ್ಟು ಕನಿಕರ ಉಂಟಾದ್ರೆ ನಿನ್ನ ಮೊಂತಿ ಗದ್ದೆಯ ನಡುವೆ ಕೊಡು ಮಾರಾಯ. ರಸ್ತೆಗೆ ಅದೇ ಹತ್ತಿರ!"

ಜನ ನಕ್ಕರು. ಲಾದ್ರು ನಗಲಿಲ್ಲ. ತಿರುಗಿ ಕೊಯ್ದ ಗದ್ದೆಯನ್ನು ನೋಡಿದ. ದುಗ್ಗಮ್ಮನ ಅಂಗಳದಿಂದ ಗದ್ದೆಗೆ, ಗದ್ದೆಯಿಂದ ರಸ್ತೆಗೆ ಕಣ್ಣಿನಲ್ಲೇ ಅಳೆದ. ಆ ನೋಟದ ಅರ್ಥ ನನಗೆ ಕೂಡಲೇ ಆಯಿತು.

ಅವನನ್ನು ಬದಿಗೆ ಕರೆದು ಹೇಳಿದೆ. "ಮಾಡಬೇಡ. ಬೇರೆ ದಾರಿ ಇದೆ ಎಂದಾದ ಕೂಡಲೇ ಹಳೆಯ ದಾರಿಯ ಹಕ್ಕು ಬಿದ್ದುಹೋಗುತ್ತದೆ. ಸಿಪ್ರಿಯನ್ ಗೆದ್ದ ಹಾಗೆ ಆಗುತ್ತದೆ. ನಾವು ಗೆಲ್ಲುವ ಕೇಸು ಇದು. ಒಂದು ವರ್ಷ ತಾಳು."

"ದುಗ್ಗಕ್ಕ ವಾರಕ್ಕೆ ಎರಡು ಸಲ ಪುತ್ತೂರಿಗೆ ಆಸ್ಪತ್ರೆಗೆ ಹೋಗ್ಬೇಕು ಬಾಯಿ. ಕುರ್ಚಿಯಲ್ಲೇ ಹೊರುದು ಈಗಲೂ. ಒಂದು ವರ್ಷ ಅಂದ್ರೆ ನೂರು ಸಲ ಆಯ್ತು."

"ಮತ್ತೆ ಸುಳ್ಳು ಹೇಳಿದವನಿಗೆ ಶಿಕ್ಷೆ?"

"ಸುಳ್ಳು ಹೇಳಿದವ ನಾನಲ್ವಾ? ಗದ್ದೆ ನನ್ನದೇ."

ದಾರಿಯ ಹಕ್ಕನ್ನು ಬರೆದುಕೊಡುವ ಪತ್ರ ಮಾಡಿಕೊಡಲು ನನ್ನನ್ನು ಕೇಳಿದ. ನಾನು ಬರೆಯುವುದಿಲ್ಲ ಎಂದೆ. ಅದನ್ನೂ ಸಿದ್ದೀಕನೇ ಟೈಪ್ ಮಾಡಿದ. ಡಿಸೆಂಬರ್ ಮೊದಲ ವಾರ ಅಪೊಲಿನ್ ಫೋನು ಮಾಡಿದಳು. "ಬಾಯಿ, ಗದ್ದೆಗೆ ಜೆಸಿಬಿ ಇಳಿದಿದೆ," ಎಂದಳು. ಆ ದಿನ ಅವಳು ತಮಾಷೆ ಮಾಡಲಿಲ್ಲ. ಗದ್ದೆಯ ನಡುವೆ ಹತ್ತಡಿ ಅಗಲಕ್ಕೆ ಮುರಕಲ್ಲಿನ ಮಣ್ಣು ತುಂಬಿದರು. ಎರಡು ಬದಿಯಲ್ಲಿ ಉಳಿದದ್ದರಲ್ಲಿ ನೀರು ನಿಲ್ಲುವುದಿಲ್ಲ. ಇನ್ನು ಅದು ಭತ್ತಕ್ಕೆ ಆಗುವುದಿಲ್ಲ. ಜನವರಿಯಲ್ಲಿ ದುಗ್ಗಮ್ಮನ ಅಂಗಳದಲ್ಲಿ ಮೊದಲ ಸಲ ಆಟೋ ನಿಂತಿತು.

ಆ ದಿನ ಏನಾಯಿತೆಂದು ಲಾದ್ರುವೇ ಹೇಳಿದ. ಅವನು ದಾರಿಯ ಬದಿಯಲ್ಲಿ ನಿಂತಿದ್ದ. ದುಗ್ಗಮ್ಮ ಆಟೋ ನಿಲ್ಲಿಸಲು ಹೇಳಿದರು. ಕೃತಜ್ಞತೆ ಹೇಳುತ್ತಾರೆಂದು ನೀವು ಎಣಿಸಿದ್ದರೆ ನಿಮಗೆ ದುಗ್ಗಮ್ಮ ಗೊತ್ತಿಲ್ಲ.

"ಇದು ಆಗ್ಲೇ ಕೊಟ್ಟಿದ್ರೆ ನನ್ನ ಸೊಂಟ ಉಳೀತಿತ್ತಲ್ಲ ಮಾರಾಯ?"

"ಹೌದು ದುಗ್ಗಕ್ಕ."

"ಹೌದಂತೆ! ಆಯ್ತು, ಬಿಡು ಗಾಡಿ."

ಕ್ಷಮಿಸಿದ್ದೇನೆ ಎಂದು ಅವರು ಇವತ್ತಿನವರೆಗೆ ಹೇಳಿಲ್ಲ. ಹೇಳಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ.

ಫೆಬ್ರವರಿಯಲ್ಲಿ ಹಿಂಬರಹ ಬಂತು. ಅರ್ಜಿದಾರರಿಗೆ ಪರ್ಯಾಯ ದಾರಿ ಲಭ್ಯವಿರುವುದರಿಂದ ಪ್ರಕರಣ ಮುಕ್ತಾಯ. ಕಾನೂನಿನ ಪ್ರಕಾರ ಅದರಲ್ಲಿ ತಪ್ಪಿಲ್ಲ. ನಾನು ಮೊದಲೇ ಹೇಳಿದ್ದೂ ಅದನ್ನೇ. ಸಿಪ್ರಿಯನ್‌ನ ಬೇಲಿ ಇದ್ದಲ್ಲೇ ಇದೆ, ಅವನ ರಬ್ಬರ್ ಟ್ಯಾಪಿಂಗಿಗೆ ಬಂದಿದೆ. ಅವನು ಈಗಲೂ ಗುರ್ಕಾರ. ಹೋದ ತಿಂಗಳು ಯಾರದೋ ಮನೆಯ ಊಟದಲ್ಲಿ, "ನನ್ನ ವಾಳ್ಯದಲ್ಲಿ ಒಬ್ಬ ಬಡ ಹಿಂದೂ ಹೆಂಗಸಿಗೆ ದಾರಿ ಮಾಡಿಸಿಕೊಟ್ಟದ್ದು" ಎಂದು ಹೇಳುತ್ತಿದ್ದುದನ್ನು ನಾನು ಕಿವಿಯಾರೆ ಕೇಳಿದೆ. ಹೌದು ಹೌದು ಎಂದು ತಲೆಯಾಡಿಸಿದವರೂ ಇದ್ದರು. ಪಾದ್ರಿಗಳು ಪ್ರಸಂಗದಲ್ಲಿ ಲಾದ್ರುವಿನ ಹೆಸರು ಹೇಳದೆ 'ತ್ಯಾಗ' ಎಂದರು. 'ಸುಳ್ಳು ಸಾಕ್ಷಿ' ಎನ್ನುವ ಎರಡು ಶಬ್ದ ಅವರ ಬಾಯಿಯಿಂದ ಬರಲಿಲ್ಲ. ತ್ಯಾಗ ಎಂದರೆ ಎಲ್ಲರಿಗೂ ಹಿತವಾಗುತ್ತದೆ, ಯಾರೂ ಎದ್ದು ನಿಲ್ಲಬೇಕಾಗಿಲ್ಲ.

ಒಬ್ಬ ಮನುಷ್ಯ ಒಳ್ಳೆಯದನ್ನು ಮಾಡಿ ಕೆಟ್ಟವನನ್ನು ಪಾರು ಮಾಡಬಹುದು ಎನ್ನುವುದು ನನಗೆ ಈ ಪ್ರಾಯದಲ್ಲಿ ನುಂಗಲಾಗದ ಸಂಗತಿ. ಲಾದ್ರುವಿನ ಹತ್ತಿರ ಹಾಗೆಯೇ ಹೇಳಿದ್ದೇನೆ. ದುಗ್ಗಕ್ಕ ಆಟೋದಲ್ಲಿ ಹೋಗ್ತಾರಲ್ಲ ಎನ್ನುತ್ತಾನೆ. ನಾನು ಹೇಳಿದ್ದಕ್ಕೆ ಅದು ಉತ್ತರವಲ್ಲ.

ಈ ವರ್ಷದ ಮೊಂತಿ ಹಬ್ಬಕ್ಕೂ ತೆನೆ ಪಿಕಪ್‌ನಲ್ಲೇ ಬಂತು. ಲಾದ್ರು ಎಲ್ಲರ ಜೊತೆ ಸಾಲಿನಲ್ಲಿ ನಿಂತ. ಮನೆಯಲ್ಲಿ ಇಬ್ಬರು ಎಂದು ಸಿಪ್ರಿಯನ್ ಅವನ ಕೈಗೆ ಎರಡು ತೆನೆ ಕೊಟ್ಟ. ಇಪ್ಪತ್ತಮೂರು ವರ್ಷ ಕಂತೆಗಟ್ಟಲೆ ಕೊಟ್ಟವನು ಎರಡು ತೆನೆ ಹಿಡಿದು ಹೊರಗೆ ಬಂದ ಎಂದು ಅಪೊಲಿನ್ ಹೇಳಿದಳು. ಜೊಳ್ಳು ತೆಗೆದು ಹಾಲಿಗೆ ಹನ್ನೊಂದು ಕಾಳು ಸಿಕ್ಕಿತಂತೆ.

ಹಬ್ಬ ಕಳೆದು ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವನು ನನ್ನ ಜಗಲಿಯಲ್ಲಿ ಕೂತಿದ್ದ.

"ಬಾಯಿ, ಇನ್ನೊಂದು ಅರ್ಜಿ ಬರೀಬೇಕಿತ್ತು."

"ಎಂತದ್ದು?"

"ಆ ಮಹಜರಿನಲ್ಲಿ ದಾರಿ ಇರ್ಲಿಲ್ಲ ಅಂತ ಈಗಲೂ ಉಂಟು. ನನ್ನ ಸಹಿಯೂ ಉಂಟು. ಅದನ್ನು ತೆಗೀಬೇಕು ಅಂತ."

"ಫೈಲು ಮುಚ್ಚಿದೆ ಲಾದ್ರು. ನೀನೇ ಮುಚ್ಚಿಸಿದ್ದು."

"ಫೈಲು ಮುಚ್ಚಿತು. ಸಹಿ ಹಾಗೇ ಉಂಟಲ್ಲ. ನಾನು ಸತ್ತ ಮೇಲೂ ಇರ್ತದೆ ಅದು."

"ಇದರಿಂದ ಯಾರಿಗೆ ಉಪಯೋಗ? ದುಗ್ಗಮ್ಮನಿಗೆ ದಾರಿ ಆಯಿತು. ಸಿಪ್ರಿಯನ್‌ನ ಬೇಲಿ ಇದರಿಂದ ಬೀಳುವುದಿಲ್ಲ. ನಿನ್ನ ಮೇಲೆ ಕೇಸು ಆಗಬಹುದು, ಅಷ್ಟೇ."

"ಹೌದು ಬಾಯಿ."

ಹೌದು ಎಂದು ಕೂತೇ ಇದ್ದ. ಇನ್ನೂ ಬೈಯಬೇಕೆಂದುಕೊಂಡೆ. ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಒಳಗೆ ಹೋಗಿ ಹಾಳೆ, ಕನ್ನಡಕ ತಂದೆ. ಈ ಸಲ 'ಓದಿ, ತಿಳಿದು' ಎಂದೇ ಬರೆದೆ. ಇದರಿಂದ ಏನೂ ಆಗುವುದಿಲ್ಲ ಎಂದು ಬರೆಯುವಾಗ ಒಮ್ಮೆ, ಬರೆದ ಮೇಲೆ ಒಮ್ಮೆ ಹೇಳಿದೆ. ಅವನು ಬೆರಳಿಟ್ಟು ಓದಿದ. ಮತ್ತೆ ಮೊದಲಿನಿಂದ ಓದಿದ. ಸಹಿ ಹಾಕಿದ.

ಕೆಳಗೆ ನನ್ನ ಹೇಳಿಕೆಯನ್ನೂ ಎರಡು ಸಾಲಿನಲ್ಲಿ ಸೇರಿಸಿದೆ. ದಾರಿ ಇತ್ತು, ಎಂಟು ವರ್ಷ ನಾನು ಅದರಲ್ಲಿ ನಡೆದಿದ್ದೇನೆ ಎಂದು. ಮುಚ್ಚಿದ ಫೈಲಿಗೆ ಉತ್ತರ ಬರುವ ಕ್ರಮವಿಲ್ಲ. ಲಾದ್ರುವಿಗೆ ಅದನ್ನೂ ತಿಳಿಸಿದ್ದೇನೆ. ಒಂದು ತಿಂಗಳು ನೋಡಿ, ಉತ್ತರ ಬಾರದಿದ್ದರೆ ಇನ್ನೊಂದು ಬರೆಯುವ ಎಂದು ಹೇಳಿ ಕಡಬದ ಬಸ್ಸು ಹತ್ತಿದ.